ಬೀದರ್‌ನಲ್ಲಿ ಕೆಳಗೆ ನೋಡಿ

(ನಮ್ಮೂರ ಗ್ರಂಥಾಲಯದಲ್ಲಿ ಒಂದು ಭಾನುವಾರ ಸಂಜೆ ಆಡಿದ ಮಾತಿನ ಬರಹ ರೂಪ. ನಡುವೆ ಕರೆಂಟು ಹೋದಾಗ ಹೇಳಿದ ಒಂದೆರಡು ಜೋಕುಗಳನ್ನು ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮಾತು ಶುರು ಮಾಡುವ ಮೊದಲು ನಿಮ್ಮ ಬಲಗಡೆಯ ಗೋಡೆಯನ್ನು ಒಮ್ಮೆ ನೋಡಿ. ಸಾರಣೆ ಎದ್ದು ಹೋದ ಆ ಮೂಲೆ. ರಿಪೇರಿ ಮಾಡಿಸಬೇಕು ಅಂತ ಸಮಿತಿಯವರು ಎರಡು ವರ್ಷದಿಂದ ಹೇಳ್ತಾ ಇದ್ದಾರೆ. ಇವತ್ತಿನ ಮಟ್ಟಿಗೆ ಅದು ಹಾಗೇ ಇರಲಿ. ಒಳಗೆ ಕಾಣುತ್ತಿರುವುದು ನಮ್ಮ ಕೆಂಪುಕಲ್ಲು. ನಮ್ಮ ಮನೆ, ಕೊಟ್ಟಿಗೆ, ಬಾವಿಕಟ್ಟೆ, ಶಾಲೆ ಎಲ್ಲಕ್ಕೂ ಅದೇ ಕಲ್ಲು. ಪುಸ್ತಕದಲ್ಲಿ ಜಂಬಿಟ್ಟಿಗೆ ಅಂತ ಬರೀತಾರೆ. ನಮ್ಮ ಬಾಯಲ್ಲಿ ಯಾರೂ ಹಾಗೆ ಹೇಳಲ್ಲ.

ಈ ಕಲ್ಲು ಕರಾವಳಿಯವರ ಸ್ವಂತ ಆಸ್ತಿ ಅಂತಲೇ ನಾನು ತಿಳಿದಿದ್ದೆ. ಆ ನಂಬಿಕೆ ಹೋದದ್ದು ಕಳೆದ ಡಿಸೆಂಬರ್‌ನಲ್ಲಿ, ಬೀದರ್‌ನಲ್ಲಿ.

ನಾವು ಹೋದದ್ದು ಮೂವರು. ನಾನು, ಗಣಿತದ ಮೇಷ್ಟ್ರು, ಡಾಕ್ಟ್ರು. ಅಲ್ಲಿ ಸಿಕ್ಕ ನಾಲ್ಕನೆಯವನು ಬೀದರ್‌ನವನೇ, ಕಾಲೇಜಿನಲ್ಲಿ ಒಂದೇ ಹಾಸ್ಟೆಲಿನಲ್ಲಿದ್ದವ. ಮೂವತ್ತು ವರ್ಷದಿಂದ "ಬರ್ರಿ ಬರ್ರಿ" ಅಂತ ಕರೀತಾನೇ ಇದ್ದ. ನಾವು "ಬರ್ತೇವೆ ಮಾರಾಯ" ಅಂತ ಹೇಳ್ತಾನೇ ಇದ್ದೆವು. ಬೀದರ್ ಅಂದರೆ ನಮಗೆ ಹವಾಮಾನ ವರದಿಯಲ್ಲಿ ಮೊದಲು ಬರುವ ಊರು, ಅಷ್ಟೇ. ರಾಜ್ಯದ ನೆತ್ತಿಯ ಮೇಲೆ ಕೂತಿದೆ. ನಾವು ಇತ್ತ ಪಾದದ ಹತ್ತಿರ.

ಬೆಂಗಳೂರಿನಿಂದ ರಾತ್ರಿ ರೈಲು. ಬೆಳಿಗ್ಗೆ ಇಳಿದರೆ ಸಣ್ಣ ಚಳಿ. ಮೊದಲೇ ದುಡ್ಡು ಕಟ್ಟಿ ಕಾದಿರಿಸಿದ್ದ ವಸತಿಗೃಹದಲ್ಲಿ ನಮ್ಮ ಹೆಸರೇ ಇಲ್ಲ ಅಂದರು. ಮೇಷ್ಟ್ರು ಮೊಬೈಲ್ ತೋರಿಸಿ ವಾದ ಮಾಡಿದರು. ಪ್ರಯೋಜನ ಆಗಲಿಲ್ಲ. ಗೆಳೆಯ ಬಂದು ಮೂವರ ಬ್ಯಾಗೂ ಹೆಗಲಿಗೆ ಹಾಕಿಕೊಂಡು ತನ್ನ ಮನೆಗೆ ಕರೆದೊಯ್ದ. ಒಳ್ಳೆಯದೇ ಆಯಿತು. ಅವನ ಮನೆ ಇರುವುದು ಊರಗೋಡೆಯ ಒಳಗಿನ ಹಳೇ ಊರಿನಲ್ಲಿ.

ಇಲ್ಲಿ ಒಂದು ವಿಷಯ ಹೇಳಬೇಕು. ಬೀದರ್‌ನಲ್ಲಿ ಗೋಡೆ ಎರಡು. ಒಂದು ಅರಮನೆಗಳಿರುವ ಕೋಟೆಯದು. ಇನ್ನೊಂದು ಅದಕ್ಕೆ ಅಂಟಿಕೊಂಡಿರುವ ಊರಿನದು. ಕೋಟೆಯೊಳಗೆ ಈಗ ಪ್ರವಾಸಿಗಳು, ಪಾರಿವಾಳಗಳು. ಊರಗೋಡೆಯೊಳಗೆ ಮಾತ್ರ ಇವತ್ತಿಗೂ ಸಂಸಾರ ನಡೀತಿದೆ. ಫತೇ ದರ್ವಾಜಾ, ಶಾಗಂಜ್ ದರ್ವಾಜಾ, ಮಂಗಲ್‌ಪೇಟ್ ದರ್ವಾಜಾ, ದುಲ್ಹನ್ ದರ್ವಾಜಾ. ಇವು ಪುಸ್ತಕದ ಹೆಸರುಗಳಲ್ಲ, ಆಟೋದವನಿಗೆ ಹೇಳುವ ವಿಳಾಸಗಳು. ಆರುನೂರು ವರ್ಷದ ಹಿಂದೆ ಹಾಕಿದ ಊರಿನ ಬಾಗಿಲಲ್ಲಿ ಹಾಲಿನ ಗಾಡಿ, ಶಾಲೆಯ ಆಟೋ, ಮೇಕೆ ಎಲ್ಲ ಒಟ್ಟಿಗೆ ನುಗ್ಗುವುದನ್ನು ನೋಡುತ್ತಾ ನಾವು ಚಹಾ ಕುಡಿದೆವು.

ಎಂಟೂವರೆಗೆ ಕೋಟೆಗೆ ಹೊರಟೆವು. ಬಹಮನಿ ಸುಲ್ತಾನ ಅಹ್ಮದ್ ಶಾ ಪಟ್ಟಕ್ಕೆ ಬಂದದ್ದು 1422ರಲ್ಲಿ. ಕಲಬುರಗಿಯಲ್ಲಿದ್ದ ರಾಜಧಾನಿಯನ್ನು ಬೀದರ್‌ಗೆ ತಂದವನು ಅವನೇ. ಯಾಕೆ ತಂದ ಅಂದರೆ ಊರವರು ಒಂದು ಕಥೆ ಹೇಳುತ್ತಾರೆ. ಬೇಟೆಗೆ ಬಂದಾಗ ನರಿಯೊಂದು ಬೇಟೆನಾಯಿಯ ಮೇಲೆಯೇ ತಿರುಗಿಬಿತ್ತಂತೆ. ಇದು ಗಂಡುಭೂಮಿ ಅಂತ ಸುಲ್ತಾನನಿಗೆ ಅನ್ನಿಸಿತಂತೆ. "ಹಂಪಿಯಲ್ಲಿ ಮೊಲ, ಇಲ್ಲಿ ನರಿ. ಆ ಕಾಲದ ನಾಯಿಗಳೇ ಸರಿ ಇರಲಿಲ್ಲ" ಅಂದರು ಡಾಕ್ಟ್ರು.

ನನಗೆ ಕಂಡ ಕಾರಣ ಬೇರೆ. ಬೀದರ್ ಇರುವುದು ಒಂದು ಎತ್ತರದ ಬಯಲಿನ ತುದಿಯಲ್ಲಿ. ಒಂದು ಕಡೆ ನೆಲ ಥಟ್ಟನೆ ಮುಗಿದು ಕಣಿವೆಗೆ ಇಳಿಯುತ್ತದೆ. ಆ ದಿಕ್ಕಿನಿಂದ ಶತ್ರು ಬರುವುದು ಕಷ್ಟ. ಉಳಿದ ಕಡೆಗೆ ಕಂದಕ ತೋಡಬೇಕು. ತೋಡುವುದಕ್ಕೆ ಸಿಕ್ಕಿದ್ದು ಯಾವ ಕಲ್ಲು? ನಮ್ಮ ಕೆಂಪುಕಲ್ಲು!

ಕಂದಕದ ಅಂಚಿಗೆ ಬಂದಾಗ ನಾನು ಕತ್ತೆತ್ತಿ ಬುರುಜು ಎಣಿಸುತ್ತಿದ್ದೆ. ಕೋಟೆಗೆ ಒಟ್ಟು 37 ಬುರುಜು ಅಂತ ಎಲ್ಲೋ ಓದಿದ್ದೆ. ಗೆಳೆಯ ನನ್ನ ತಲೆ ಹಿಡಿದು ಬಗ್ಗಿಸಿದ. "ಲೇ, ಮ್ಯಾಲ ಏನ್ ನೋಡ್ತಿ. ಕೆಳಗ ನೋಡು."

ನೋಡಿದೆ. ಮೂರು ಕಂದಕ, ಒಂದರ ಪಕ್ಕ ಒಂದು. ಅವುಗಳ ನಡುವೆ ಎರಡು ಗೋಡೆ. ಹತ್ತಿರ ಹೋಗಿ ನೋಡಿದರೆ ಆ ಗೋಡೆಗಳಲ್ಲಿ ಸಂದೇ ಇಲ್ಲ. ಒಂದು ಕಲ್ಲಿನ ಮೇಲೆ ಇನ್ನೊಂದು ಇಟ್ಟ ಗುರುತಿಲ್ಲ. ಬಂಡೆಯನ್ನು ಕಡಿಯುತ್ತಾ ಹೋಗಿ ನಡುವೆ ಎರಡು ಪಟ್ಟಿಯನ್ನು ಹಾಗೇ ಬಿಟ್ಟಿದ್ದಾರೆ. ಅಂದರೆ ಅದು ಕಟ್ಟಿದ ಗೋಡೆ ಅಲ್ಲ, ಬಿಟ್ಟ ಗೋಡೆ.

ನಮ್ಮಲ್ಲಿ ಕಲ್ಲಿನ ಕೋರೆ ನೋಡಿದವರಿಗೆ ಇದು ಥಟ್ಟನೆ ಅರ್ಥ ಆಗುತ್ತದೆ. ಕೆಂಪುಕಲ್ಲಿನ ಗುಣವೇ ಅದು. ನೆಲದೊಳಗೆ ಇರುವಾಗ ಮೆತ್ತಗೆ, ಕೊಡಲಿಯಲ್ಲಿ ಕಡಿಯಬಹುದು. ಹೊರಗೆ ಬಂದು ಗಾಳಿ ಬಿಸಿಲು ತಾಗಿದ ಮೇಲೆ ಗಟ್ಟಿ. ವರ್ಷ ಕಳೆದಂತೆ ಇನ್ನೂ ಗಟ್ಟಿ. ಕೋಟೆ ಕಟ್ಟುವವನಿಗೆ ಇದಕ್ಕಿಂತ ಅನುಕೂಲದ ಕಲ್ಲು ಬೇಕಾ? ಗುಂಡಿ ತೋಡಿದರೆ ಕಂದಕ ಆಯಿತು. ಗುಂಡಿಯಿಂದ ಎದ್ದ ಕಲ್ಲು ಪಕ್ಕದಲ್ಲೇ ಗೋಡೆಗೆ ಆಯಿತು. ಮೇಷ್ಟ್ರು ಇದನ್ನು ಸಮೀಕರಣ ಅಂದರು. ಎಡಗಡೆ ಕಳೆದದ್ದು ಬಲಗಡೆ ಕೂಡಿತು.

ಆಮೇಲೆ ಇಡೀ ದಿನ ನಾನು ಬೀದರನ್ನು ನೋಡಿದ್ದು ತಲೆ ಬಗ್ಗಿಸಿಕೊಂಡೇ. ನಿಮಗೆ ಹೇಳಲು ಬಂದಿರುವುದೂ ಅದನ್ನೇ. ಹಂಪಿ, ಬೇಲೂರು, ವಿಜಯಪುರದಲ್ಲಿ ಕತ್ತೆತ್ತಿ ನೋಡಬೇಕು. ಬೀದರ್ ಹಾಗಲ್ಲ. ಅದು ಕಟ್ಟಿದ್ದಕ್ಕಿಂತ ಜಾಸ್ತಿ ತೋಡಿ ಮಾಡಿದ ಊರು.

ಕೋಟೆಯೊಳಗೆ ನೋಡಲು ಬೇಕಾದಷ್ಟಿದೆ. ಗಗನ್ ಮಹಲ್, ತರ್ಕಶ್ ಮಹಲ್, ತಖ್ತ್ ಮಹಲ್ ಎಲ್ಲ ಸುತ್ತಿದೆವು. ಸೋಲಾ ಖಂಬಾ ಮಸೀದಿಯ ಶಾಸನದಲ್ಲಿ 1423–24ರ ಕಾಲ ಸಿಗುತ್ತದೆ. ಹೆಸರಿಗೆ ಹದಿನಾರು ಕಂಬ, ಒಳಗೆ ಹೋದರೆ ಕಂಬಗಳ ಕಾಡು. ನಡುನಡುವೆ ತಲೆಯ ಮೇಲೆ ವಾಯುಪಡೆಯ ತರಬೇತಿ ವಿಮಾನಗಳ ಗುಡುಗು. ಬೀದರ್‌ನವರಿಗೆ ಅದು ಕಿವಿಗೇ ಬೀಳುವುದಿಲ್ಲ. ನಾವು ಪ್ರತಿ ಸಲವೂ ಬೆಚ್ಚುತ್ತಿದ್ದೆವು.

ರಂಗೀನ್ ಮಹಲ್‌ಗೆ ಬೀಗ ಹಾಕಿರುತ್ತದೆ. ಕೇಳಿಕೊಂಡರೆ ತೆಗೆದು ತೋರಿಸುತ್ತಾರೆ. ದಯವಿಟ್ಟು ಕೇಳಿಕೊಳ್ಳಿ. ಬಹಮನಿಗಳ ನಂತರ ಬಂದ ಬರೀದ್‌ಶಾಹಿಗಳ ಕಾಲದ ಕೆಲಸ ಅದು. ಅಲಿ ಬರೀದ್ ಶಾ ಮಾಡಿಸಿದ್ದು. ಮರದ ಕಂಬಗಳ ಕೆತ್ತನೆ ಒಂದು ಕಡೆ ಇರಲಿ. ಒಳಕೋಣೆಯ ಬಾಗಿಲಿನ ಸುತ್ತ ಕರಿಕಲ್ಲಿನಲ್ಲಿ ಸಣ್ಣ ಸಣ್ಣ ಗೆರೆ ಕೊರೆದು, ಅದರೊಳಗೆ ಮುತ್ತಿನ ಚಿಪ್ಪು ಕೂರಿಸಿದ್ದಾರೆ. ಬಳ್ಳಿ, ಹೂವು, ಪಾರ್ಸಿ ಅಕ್ಷರ. ಟಾರ್ಚ್ ಬಿಟ್ಟರೆ ಬೆಳದಿಂಗಳ ಹಾಗೆ ಹೊಳೆಯುತ್ತದೆ. ಸಮುದ್ರದ ದಡದವರು ನಾವು, ಚಿಪ್ಪಿಗೆ ಇಷ್ಟು ಮರ್ಯಾದೆ ಕೊಟ್ಟದ್ದನ್ನು ನೋಡಲು ಸಮುದ್ರವೇ ಇಲ್ಲದ ಊರಿಗೆ ಹೋಗಬೇಕಾಯಿತು. ಕಪ್ಪಿನಲ್ಲಿ ಗೆರೆ ಕೊರೆದು ಅದರಲ್ಲಿ ಬಿಳಿಯನ್ನು ಕೂರಿಸುವ ಈ ಕೆಲಸವನ್ನು ನೆನಪಿಟ್ಟುಕೊಳ್ಳಿ. ಇನ್ನೊಮ್ಮೆ ಬರುತ್ತದೆ.

ಕೋಟೆಯಿಂದ ಊರೊಳಗೆ ಬಂದರೆ ಮಹಮೂದ್ ಗಾವಾನನ ಮದರಸಾ. ಇಲ್ಲಿ ಮಾತ್ರ ಕೆಳಗೆ ನೋಡುವ ನನ್ನ ನಿಯಮ ಮುರಿಯಿತು. ಗಾವಾನ್ ಇರಾನಿನ ಗಿಲಾನ್ ಕಡೆಯವನು. ವ್ಯಾಪಾರಕ್ಕೆ ಬಂದು ಬಹಮನಿಗಳ ಪ್ರಧಾನಿಯಾದ. 1472ರಲ್ಲಿ ಈ ಮದರಸಾ ಎದ್ದಿತು. ಅದೇ ವರ್ಷ ಅವನು ವಿಜಯನಗರದಿಂದ ಗೋವೆಯನ್ನೂ ಗೆದ್ದ. ಅಂದರೆ ಅವನ ಕೈ ನಮ್ಮ ಕರಾವಳಿಯವರೆಗೂ ಚಾಚಿತ್ತು. ಮೂರು ಅಂತಸ್ತು, ವಿದ್ಯಾರ್ಥಿಗಳಿಗೆ ಕೋಣೆಗಳು, ಮೂರು ಸಾವಿರ ಪುಸ್ತಕದ ಗ್ರಂಥಾಲಯ ಇತ್ತೆಂದು ಹೇಳುತ್ತಾರೆ. (ಇಲ್ಲಿ ನಮ್ಮ ಗ್ರಂಥಪಾಲಕರು ನಿಟ್ಟುಸಿರು ಬಿಟ್ಟರು.) ಮಿನಾರದ ಮೇಲೆ ಅಂಕುಡೊಂಕು ಗೆರೆಯಲ್ಲಿ ಬಣ್ಣದ ಹೆಂಚು. ನೀಲಿ ಇನ್ನೂ ಅಲ್ಲಲ್ಲಿ ಉಳಿದಿದೆ.

ಅದೇ ಹೊತ್ತಿಗೆ ಬೀದರ್‌ಗೆ ರಷ್ಯಾದಿಂದ ಒಬ್ಬ ವ್ಯಾಪಾರಿ ಬಂದಿದ್ದ. ತ್ವೇರ್ ಊರಿನ ಅಫನಾಸಿ ನಿಕಿತಿನ್. ಒಂದು ಕುದುರೆ ಮಾರಲು ಇಷ್ಟು ದೂರ ಬಂದಿದ್ದ ಪುಣ್ಯಾತ್ಮ. ದಾರಿಯಲ್ಲಿ ಜುನ್ನಾರ್‌ನ ಖಾನ ಅದನ್ನು ಕಿತ್ತುಕೊಂಡ, ಹೇಗೋ ವಾಪಸು ಸಿಕ್ಕಿತು. ಕೊನೆಗೆ ಬೀದರ್‌ನಲ್ಲಿ ಮಾರಿದ. ಅಷ್ಟರಲ್ಲಿ ಅದಕ್ಕೆ ಮೇವು ಹಾಕಿದ ಖರ್ಚಿನ ಲೆಕ್ಕವನ್ನೂ ಬರೆದಿಟ್ಟಿದ್ದಾನೆ. ಅವನು ಬರೆದ ಇನ್ನೊಂದು ಮಾತು ನನಗೆ ನಾಟಿತು. ಇಲ್ಲಿ ಜನ ತುಂಬಾ, ಹಳ್ಳಿಯವರು ಬಡವರು, ದೊಡ್ಡವರು ಮಾತ್ರ ಭಾರಿ ಸಿರಿವಂತರು ಅಂತ. ಆ ದೊಡ್ಡವರ ಪಟ್ಟಿಯಲ್ಲಿ ಮಲಿಕ್-ಉತ್-ತುಜ್ಜಾರ್ ಎಂದು ಬರುವವನು ಇದೇ ಗಾವಾನ್.

ಗಾವಾನನ ಕೊನೆ ಕೆಟ್ಟದಾಯಿತು. ಆಗದವರು ಅವನ ಮೊಹರು ಬಿದ್ದ ಖಾಲಿ ಕಾಗದ ಸಂಪಾದಿಸಿದರು. ಅದರಲ್ಲಿ ಒರಿಸ್ಸಾದ ರಾಜನಿಗೆ ಬರೆದಂತೆ ಒಂದು ದ್ರೋಹದ ಪತ್ರ ಬರೆದು ಸುಲ್ತಾನನಿಗೆ ತೋರಿಸಿದರು. 1481ರಲ್ಲಿ ಅವನ ತಲೆ ಹೋಯಿತು. ಖಾಲಿ ಚೆಕ್ಕಿಗೆ ಸಹಿ ಹಾಕಬೇಡಿ ಅಂತ ಬ್ಯಾಂಕಿನವರು ಸುಮ್ನೆ ಹೇಳೋದಿಲ್ಲ. ಮದರಸಾಕ್ಕೂ ಅಂಥದೇ ಗತಿ. ಔರಂಗಜೇಬನ ಕಾಲದಲ್ಲಿ ಅದರಲ್ಲಿ ಮದ್ದು ತುಂಬಿಟ್ಟಿದ್ದರು. 1696ರಲ್ಲಿ ಸ್ಫೋಟವಾಗಿ ಒಂದು ಮಿನಾರವೂ ಕಟ್ಟಡದ ಒಂದು ಭಾಗವೂ ಹಾರಿಹೋದವು. ಔರಂಗಜೇಬ ಬೀದರನ್ನು ಗೆದ್ದದ್ದೂ ಹೀಗೇ. 1657ರ ಮುತ್ತಿಗೆಯಲ್ಲಿ ಕೋಟೆಯೊಳಗಿನ ಮದ್ದಿಗೆ ಕಿಡಿ ತಾಗಿತು. ಕೋಟೆ ಕಾಯುತ್ತಿದ್ದ ಸಿದಿ ಮರ್ಜಾನ್ ಸುಟ್ಟಗಾಯದಿಂದ ಸತ್ತ. ಮೂರು ಸಾಲಿನ ಕಂದಕ ಹೊರಗಿನವರನ್ನು ತಡೆಯಬಹುದು. ಒಳಗಿನ ಮದ್ದನ್ನು ಏನು ಮಾಡುತ್ತದೆ?

ಮದರಸಾದಿಂದ ನಾಲ್ಕು ಹೆಜ್ಜೆ ನಡೆದರೆ ಚೌಬಾರಾ. ನಾಲ್ಕು ರಸ್ತೆ ಸೇರುವಲ್ಲಿ ನಿಂತ 71 ಅಡಿಯ ದುಂಡು ಗೋಪುರ. ಆ ದಾರಿಯಲ್ಲಿ ಟಕ್ ಟಕ್ ಟಕ್ ಅಂತ ಸದ್ದು. ಬಿದ್ರಿ ಕೆಲಸದವರ ಅಂಗಡಿಗಳು. ಗೆಳೆಯನಿಗೆ ಪರಿಚಯದ ಒಬ್ಬರು ನಮ್ಮನ್ನು ನೆಲದ ಮೇಲೆ ಕೂರಿಸಿಕೊಂಡರು. ಎರಡು ಗಂಟೆ ಕೂತೆವು. ಊಟ ತಡವಾಯಿತು. ಡಾಕ್ಟ್ರಿಗೆ ಸಿಟ್ಟು ಬಂತು. ನನಗೆ ಇಡೀ ದಿನದಲ್ಲಿ ಅತಿ ಖುಷಿ ಕೊಟ್ಟದ್ದು ಆ ಎರಡು ಗಂಟೆ.

ಹದಿನಾರು ಪಾಲು ಸತು, ಒಂದು ಪಾಲು ತಾಮ್ರ. ಅದನ್ನು ಕರಗಿಸಿ, ಹರಳೆಣ್ಣೆ ಮತ್ತು ರಾಳ ಕಲಸಿದ ಮಣ್ಣಿನ ಅಚ್ಚಿಗೆ ಹೊಯ್ಯುತ್ತಾರೆ. ಹೊರಗೆ ಬಂದ ಹೂಜಿಯೋ ತಟ್ಟೆಯೋ ಬೂದು ಬಣ್ಣದ್ದು. ಅದನ್ನು ಉಜ್ಜಿ ನಯ ಮಾಡಿ ಮೈಲುತುತ್ತಿನ ನೀರು ಸವರುತ್ತಾರೆ. ಹೌದು, ಅಡಿಕೆಗೆ ಮದ್ದು ಬಿಡಲು ನಾವು ಸುಣ್ಣದ ಜೊತೆ ಕಲಸುವ ಅದೇ ಮೈಲುತುತ್ತು. ಮೈ ಕಪ್ಪಾಗುತ್ತದೆ. ಅದು ತಾತ್ಕಾಲಿಕ ಕಪ್ಪು, ಗೆರೆ ಕಾಣಲಿ ಅಂತ. ಆ ಕಪ್ಪಿನ ಮೇಲೆ ಉಳಿಯಿಂದ ಹೂಬಳ್ಳಿ ಕೊರೆದು, ಕೊರೆದ ಸಂದಿಗೆ ಬೆಳ್ಳಿಯ ತಂತಿ ಇಟ್ಟು ಬಡಿಯುತ್ತಾರೆ. ಟಕ್ ಟಕ್ ಅಂದದ್ದು ಇದೇ. ಬೆಳಿಗ್ಗೆ ರಂಗೀನ್ ಮಹಲ್‌ನಲ್ಲಿ ನೋಡಿದ್ದೇ ಕೆಲಸ. ಕಲ್ಲಿನ ಜಾಗದಲ್ಲಿ ಲೋಹ, ಚಿಪ್ಪಿನ ಜಾಗದಲ್ಲಿ ಬೆಳ್ಳಿ.

ಆಮೇಲೆ ಆ ಕಪ್ಪನ್ನು ಉಜ್ಜಿ ತೆಗೆಯುತ್ತಾರೆ. ಈಗ ಬೂದು ಬಣ್ಣದಲ್ಲಿ ಬೆಳ್ಳಿ ಸೇರಿಹೋಗಿ ಹೂಬಳ್ಳಿ ಸರಿಯಾಗಿ ಕಾಣುವುದೇ ಇಲ್ಲ. ಇಷ್ಟೆಲ್ಲ ಮಾಡಿ ಹಾಳು ಮಾಡಿದರಲ್ಲ ಅಂತ ನನಗೆ ಅನ್ನಿಸಿತು. ಅವರು ಮೂಲೆಯ ಡಬ್ಬದಿಂದ ಒಂದು ಹಿಡಿ ಮಣ್ಣು ತೆಗೆದರು. ಕೋಟೆಯ ಹಳೇ ಕಟ್ಟಡಗಳ ಒಳಗಿನ ಮಣ್ಣು. ಮಳೆ ಬಿಸಿಲು ಕಾಣದ ಜಾಗದ್ದೇ ಆಗಬೇಕಂತೆ. ಆ ಮಣ್ಣಿಗೆ ನವಸಾಗರ ಸೇರಿಸಿ ನೀರಿನಲ್ಲಿ ಕಲಸಿ, ಬಿಸಿ ಮಾಡಿದ ತಟ್ಟೆಗೆ ಹಚ್ಚಿ ಉಜ್ಜಿದರು. ನಾವು ನೋಡುತ್ತಿದ್ದಂತೆ ಸತುವಿನ ಮೈ ಅಚ್ಚ ಕಪ್ಪಾಯಿತು. ಬೆಳ್ಳಿಗೆ ಏನೂ ಆಗಲಿಲ್ಲ. ಅಮಾವಾಸ್ಯೆಯ ಆಕಾಶದಲ್ಲಿ ನಕ್ಷತ್ರ ಬಂದ ಹಾಗೆ ಹೂಬಳ್ಳಿ ಎದ್ದು ನಿಂತಿತು. ಮೇಷ್ಟ್ರು ಚಪ್ಪಾಳೆ ತಟ್ಟಿಬಿಟ್ಟರು.

"ಮಣ್ಣು ಸರಿ ಇದೆಯೋ ಇಲ್ಲವೋ ಹೇಗೆ ಗೊತ್ತಾಗುತ್ತದೆ?" ಅಂತ ಕೇಳಿದೆ. ಅವರು ಚಿಟಿಕೆ ಮಣ್ಣು ನಾಲಿಗೆಗೆ ಇಟ್ಟು ತೋರಿಸಿದರು. ಡಾಕ್ಟ್ರ ಮುಖ ನೋಡಬೇಕಿತ್ತು.

ಬಿದ್ರಿಗೆ 2006ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಈ ಕೆಲಸಕ್ಕಾಗಿ ಬೀದರ್‌ನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಅದಕ್ಕೆ ಒಂದು ವರ್ಷ ಮೊದಲು, 2022ರಲ್ಲಿ, ನಮ್ಮ ಪಕ್ಕದ ಅಮೈ ಮಹಾಲಿಂಗ ನಾಯ್ಕರಿಗೆ ಪದ್ಮಶ್ರೀ ಬಂದದ್ದು ನಿಮಗೆಲ್ಲ ಗೊತ್ತು. ಬೋಳುಗುಡ್ಡದಲ್ಲಿ ಒಬ್ಬರೇ ಸುರಂಗ ಕೊರೆದು ನೀರು ತಂದು ತೋಟ ಮಾಡಿದವರು. ಒಬ್ಬರಿಗೆ ಮಣ್ಣು, ಒಬ್ಬರಿಗೆ ನೀರು. ಎರಡೂ ಕೆಂಪುಕಲ್ಲಿನ ಹೊಟ್ಟೆಯಿಂದ ಬಂದದ್ದು.

ಸುರಂಗದ ಮಾತು ಬಂತಲ್ಲ. ಜೋಳದ ರೊಟ್ಟಿ, ಪುಂಡಿಪಲ್ಯ ಉಂಡು (ಮೂರು ಗಂಟೆಗೆ) ನೌಬಾದ್ ಕಡೆಗೆ ಹೋದೆವು. ಅಲ್ಲಿ ನೆಲದಡಿಯಲ್ಲಿ ಬಹಮನಿ ಕಾಲದ ನೀರಿನ ದಾರಿ ಇದೆ. ಕರೇಜ್ ಅಂತ ಪಾರ್ಸಿ ಹೆಸರು. ಜನ ಕರೆಯುವುದು ಸುರಂಗ ಬಾವಿ ಅಂತ. ಆ ಹೆಸರು ಕೇಳಿ ನನಗೆ ಮೈ ಜುಮ್ ಅಂತು. ನಮ್ಮ ತೋಟದ ಮೇಲಿನ ಗುಡ್ಡದಲ್ಲಿ ಅಜ್ಜ ಕೊರೆಸಿದ ಸುರಂಗ ಇದೆ. ಅದರ ನೀರು ದಂಬೆಯಲ್ಲಿ ಅಂಗಳಕ್ಕೆ ಬರುತ್ತಿತ್ತು. ಆ ಶಬ್ದ ಕೇಳಿಕೊಂಡೇ ನಾನು ಬೆಳೆದದ್ದು.

ಲೆಕ್ಕ ಎರಡೂ ಕಡೆ ಒಂದೇ. ಕೆಂಪುಕಲ್ಲು ತೂತುತೂತಾದ ಕಲ್ಲು. ಮಳೆನೀರನ್ನು ಸ್ಪಂಜಿನ ಹಾಗೆ ಹೀರುತ್ತದೆ. ಬೀದರ್‌ನಲ್ಲಿ ಅದರ ಅಡಿಗೆ ಕರಿಯ ಬಸಾಲ್ಟ್ ಬಂಡೆ. ನೀರು ಅದನ್ನು ದಾಟಿ ಸುಲಭಕ್ಕೆ ಕೆಳಗೆ ಇಳಿಯಲಾರದು. ಹಾಗಾಗಿ ಎರಡರ ನಡುವೆ ಅಡ್ಡಕ್ಕೆ ಹರಿಯುತ್ತದೆ. ಆ ನೀರಿಗೆ ದಾರಿ ಮಾಡಿಕೊಟ್ಟರೆ ಸಾಕು, ಏತ ಬೇಡ, ರಾಟೆ ಬೇಡ, ತಾನಾಗಿ ನಡೆದು ಬರುತ್ತದೆ. ವ್ಯತ್ಯಾಸ ಗಾತ್ರದಲ್ಲಿ. ನಮ್ಮ ಸುರಂಗ ಒಂದು ಮನೆಯದು, ಒಂದು ತೋಟದ್ದು. ಅವರದು ಕಿಲೋಮೀಟರುಗಟ್ಟಲೆ ಉದ್ದ, ಊರಿಗೇ ನೀರು ಕೊಡಲು ತೋಡಿದ್ದು. ನೇರ ಮೇಲಿನಿಂದ ಅಲ್ಲಲ್ಲಿ ಬಾವಿಯಂಥ ಕಿಂಡಿ ಇಳಿಸಿದ್ದಾರೆ, ಗಾಳಿಗೆ, ಬೆಳಕಿಗೆ, ಮಣ್ಣು ಎತ್ತುವುದಕ್ಕೆ. ಈ ವಿದ್ಯೆ ಇರಾನಿನವರದು. ಗಾವಾನನಂಥವರು ಗುಂಪು ಗುಂಪಾಗಿ ಬರುತ್ತಿದ್ದ ಕಾಲ ಅದು. ಹೆಂಚಿನ ನೀಲಿ ಬಣ್ಣದ ಜೊತೆ ಇದೂ ಬಂತು. ಹಾಗಾದರೆ ನಮ್ಮ ಸುರಂಗವೂ ಇರಾನಿನಿಂದಲೇ ಬಂತಾ ಅಂತ ಮೇಷ್ಟ್ರು ಕೇಳಿದರು. ನನ್ನ ಲೆಕ್ಕದಲ್ಲಿ ಅದು ಬೇಕಿಲ್ಲ. ಒಂದೇ ಥರದ ಕಲ್ಲಿನ ಮೇಲೆ ಬಾಯಾರಿ ಕೂತವರಿಗೆ ಒಂದೇ ಥರದ ಉಪಾಯ ಹೊಳೆಯಬಹುದು, ಅಲ್ವಾ?

ಕಿಂಡಿಯೊಂದಕ್ಕೆ ಬಗ್ಗಿ ನೋಡಿದೆ. ತಂಪು ಗಾಳಿ ಮುಖಕ್ಕೆ ಬಡಿಯಿತು. ನಮ್ಮ ಅಜ್ಜನ ಸುರಂಗದ ಬಾಯಿಯದೇ ವಾಸನೆ.

ಗೋಡೆಯ ಹೊರಗೂ ಬೀದರ್ ಅಂಚಿನ ತುಂಬ ಇಂಥ ಒರತೆಗಳು. ಪ್ರತಿಯೊಂದಕ್ಕೂ ಒಬ್ಬ ದೇವರು ಸಿಕ್ಕಿದ್ದಾನೆ. ಪಾಪನಾಶದಲ್ಲಿ ಶಿವ. ಝರಣಿಯಲ್ಲಿ ನರಸಿಂಹ, ಅಲ್ಲಿ ಎದೆಮಟ್ಟದ ನೀರಿನಲ್ಲಿ ಗುಹೆಯೊಳಗೆ ನಡೆದು ಹೋಗಿ ದರ್ಶನ ಮಾಡಬೇಕು. ಬಾವಲಿಗಳಿವೆ ಅಂದ ಕೂಡಲೇ ಡಾಕ್ಟ್ರು ಬೇಡ ಅಂದರು, ಬಿಟ್ಟೆವು. ನಾನಕ್ ಝೀರಾದಲ್ಲಿ ಗುರುನಾನಕರ ಪಾದ ತಾಗಿ ನೀರು ಚಿಮ್ಮಿತು ಎಂಬ ನಂಬಿಕೆ. ಅಲ್ಲಿ ತಲೆಗೆ ಬಟ್ಟೆ ಕಟ್ಟಿಕೊಂಡು ಲಂಗರಿನಲ್ಲಿ, ಅಂದರೆ ಗುರುದ್ವಾರದ ಸಾಮೂಹಿಕ ಊಟಕ್ಕೆ, ಸಾಲಾಗಿ ಕೂತೆವು. ಮೂರು ಗಂಟೆಗೆ ಉಂಡವರು ಐದಕ್ಕೆ ಮತ್ತೆ ದಾಲ್ ರೋಟಿ ತಿಂದದ್ದನ್ನು ಮನೆಯಲ್ಲಿ ಹೇಳಿಲ್ಲ. ಗುರು ಗೋವಿಂದ ಸಿಂಗರ ಐವರು ಪ್ಯಾರೇಗಳಲ್ಲಿ, ಅಂದರೆ ಮೊದಲು ಖಾಲ್ಸಾ ದೀಕ್ಷೆ ಪಡೆದ ಐವರು ನೆಚ್ಚಿನ ಶಿಷ್ಯರಲ್ಲಿ, ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ಬೀದರ್‌ನವರು. ಪಂಜಾಬಿನಿಂದ ಬಂದವರು ಈ ಊರಿನ ಹೆಸರನ್ನು ನಮಗಿಂತ ಭಕ್ತಿಯಿಂದ ಹೇಳುತ್ತಾರೆ.

ಸೂರ್ಯ ಇಳಿಯುವ ಹೊತ್ತಿಗೆ ಅಷ್ಟೂರು. ಬಹಮನಿ ಸುಲ್ತಾನರ ಗೋರಿಗಳು ಹೊಲಗಳ ನಡುವೆ ಸಾಲಾಗಿ ನಿಂತಿವೆ. ಹುಮಾಯೂನ್ ಎಂಬ ಸುಲ್ತಾನನ ಗೋರಿಯ ಗುಮ್ಮಟ ಸಿಡಿಲಿಗೆ ಸೀಳಿ ಅರ್ಧ ಬಿದ್ದಿದೆ. ಅವನನ್ನು ಜನ ಜಾಲಿಮ್ ಅಂತ, ಅಂದರೆ ಕ್ರೂರಿ ಅಂತ ಕರೆಯುತ್ತಿದ್ದರು. ಸಿಡಿಲಿಗೂ ವಿಳಾಸ ಗೊತ್ತಿತ್ತು ಅಂತ ಊರವರ ತಮಾಷೆ. ಪಕ್ಕದಲ್ಲೇ ಊರು ಕಟ್ಟಿದ ಅಹ್ಮದ್ ಶಾನ ಗೋರಿ. ಒಳಗೆ ಗೋಡೆ ಚಾವಣಿಯ ತುಂಬ ಕೆಂಪು, ಚಿನ್ನದ ಬಣ್ಣದ ಚಿತ್ತಾರ. ಮುಸ್ಲಿಮರಿಗೆ ಅವನು ವಲಿ, ಅಂದರೆ ಸಂತ. ಲಿಂಗಾಯತರಿಗೆ ಅಲ್ಲಮಪ್ರಭು. ವರ್ಷದ ಜಾತ್ರೆಗೆ ಕಲಬುರಗಿ ಕಡೆಯ ಹಳ್ಳಿಯಿಂದ ಜಂಗಮರು ಬರುತ್ತಾರೆ, ಶಂಖ ಊದುತ್ತಾರೆ. ಕಾವಲಿನವರು ಕನ್ನಡಿಯಿಂದ ಹೊರಗಿನ ಬಿಸಿಲನ್ನು ಒಳಗೆ ತಿರುಗಿಸಿ ಚಾವಣಿ ತೋರಿಸಿದರು. ಅಲ್ಲಿ ನಾನೂ ಕತ್ತೆತ್ತಿದೆ, ಒಪ್ಪಿಕೊಳ್ಳುತ್ತೇನೆ.

ಒಂದು ಮಾತು ಬಿಟ್ಟುಹೋಯಿತು. ಬಿದ್ರಿಯವರ ಅಂಗಡಿಯಿಂದ ಏಳುವಾಗ ನಾನು ಅವರಿಗೆ ಹೇಳಿದ್ದೆ, ನಮ್ಮ ಮನೆಯೂ ಇದೇ ಕಲ್ಲಿನದು, ನಮ್ಮಲ್ಲೂ ಮಳೆ ಬಿಸಿಲು ಕಾಣದ ಮಣ್ಣು ಇದೆ, ಸುರಂಗದೊಳಗೆ ಅಂತ. ಅವರು ನಕ್ಕರು. "ಮುಂದಿನ ಸಲ ಒಂದು ಪುಡಿಕಿ ತಗೊಂಡ್ ಬರ್ರಿ. ನೋಡಮು. ನಾಲಿಗಿ ಹೇಳ್ತದ" ಅಂದರು.

ಇದೇ ಆ ಪೊಟ್ಟಣ. ಮೊನ್ನೆ ಅಜ್ಜನ ಸುರಂಗದೊಳಗೆ ಟಾರ್ಚ್ ಹಿಡಿದು ಹೋಗಿ ಕೊನೆಯಿಂದ ಕೆರೆದು ತಂದದ್ದು. ಜನವರಿಯಲ್ಲಿ ಮತ್ತೆ ಬೀದರ್‌ಗೆ ಹೊರಟಿದ್ದೇವೆ, ಈ ಸಲ ಕಾರಿನಲ್ಲಿ ಎರಡು ಸೀಟು ಖಾಲಿ ಇದೆ. ಪೊಟ್ಟಣವನ್ನು ಕೈಯಿಂದ ಕೈಗೆ ಕೊಡ್ತೇನೆ, ನೋಡಿ ವಾಪಸು ಕೊಡಿ. ಮುಂದಿನ ಸಾಲಿನ ಮಕ್ಕಳೇ, ರುಚಿ ನೋಡುವುದು ಬೇಡ.